ಮನೆಯಲ್ಲಿ ಓದುವ ಮಗುವಿಗೆ ಕನ್ನಡ ವ್ಯಾಕರಣ

ವರ್ಗಾವಣೆಯ ನೌಕರಿಯುಳ್ಳ ಮನೆಗಳಲ್ಲಿ ಮಕ್ಕಳ ಶಿಕ್ಷಣವೆಂಬುದು ಮೂರು ನಾಲ್ಕು ವರ್ಷಗಳಿಗೊಮ್ಮೆ ಹೊಸದಾಗಿ ಏಳುವ ಪ್ರಶ್ನೆ. ಬ್ಯಾಂಕು, ರೈಲ್ವೆ, ವಿಮೆ, ಸೇನೆ ಯಾವುದೇ ಇರಲಿ, ವರ್ಗಾವಣೆಯ ಆದೇಶವು ಶಾಲೆಯ ವೇಳಾಪಟ್ಟಿಯನ್ನು ನೋಡಿಕೊಂಡು ಬರುವುದಿಲ್ಲ. ಪುಣೆಯಲ್ಲಿ ಮರಾಠಿ ಕಲಿತ ಮಗು ಹೈದರಾಬಾದಿನಲ್ಲಿ ತೆಲುಗನ್ನು ಮೊದಲಿನಿಂದ ಆರಂಭಿಸಬೇಕು. ಅದು ನಾಲಿಗೆಗೆ ಹತ್ತುವಷ್ಟರಲ್ಲಿ ದೆಹಲಿಯ ಹಿಂದಿ ಕಾದಿರುತ್ತದೆ. ಇಂಥ ಅಲೆದಾಟಕ್ಕೆ ಬೇಸತ್ತು, ಇಲ್ಲವೆ ಮಗುವಿನ ದೀರ್ಘಕಾಲದ ಕಾಯಿಲೆಯ ನಿಮಿತ್ತದಿಂದ, ಇಲ್ಲವೆ ಶಾಲೆಗಳ ಪದ್ಧತಿಯಲ್ಲಿ ನಂಬಿಕೆ ಸಾಲದೆ, ಮಗುವನ್ನು ಮನೆಯಲ್ಲಿಯೇ ಓದಿಸುವ ಕುಟುಂಬಗಳು ಮಹಾನಗರಗಳಲ್ಲಿ ಅಲ್ಲಲ್ಲಿ ಕಂಡುಬರುತ್ತವೆ. 2020ರ ಮಾರ್ಚಿನಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಎಲ್ಲ ಮನೆಗಳೂ ಅನಿವಾರ್ಯವಾಗಿ ಶಾಲೆಗಳಾದವು. ಶಾಲೆಗಳು ಮರಳಿ ತೆರೆದ ಮೇಲೂ ಕೆಲವರು ಆ ದಾರಿಯನ್ನು ಬಿಡಲಿಲ್ಲ.

ಈ ದಾರಿಯ ಕಾನೂನಿನ ಸ್ಥಿತಿಯನ್ನು ಪಾಲಕರು ಮೊದಲೇ ತಿಳಿದಿರುವುದು ಒಳ್ಳೆಯದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಹೇಳುತ್ತದೆ. ಮನೆಯ ಪಾಠಕ್ಕೆಂದು ಅದರಲ್ಲಿ ಪ್ರತ್ಯೇಕವಾದ ಏರ್ಪಾಡಿಲ್ಲ. ಆದರೆ ಪರೀಕ್ಷೆಗೆ ಕೂರಲು ಒಂದು ಬಾಗಿಲು ತೆರೆದಿದೆ. 1979ರಲ್ಲಿ ಕೇಂದ್ರ ಮಾಧ್ಯಮಿಕ ಶಿಕ್ಷಣ ಮಂಡಳಿಯ ಒಂದು ಯೋಜನೆಯಾಗಿ ಹುಟ್ಟಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾಗಿ ಬೆಳೆದ ರಾಷ್ಟ್ರೀಯ ಮುಕ್ತ ಶಾಲೆಯು 3, 5 ಮತ್ತು 8ನೆಯ ತರಗತಿಗಳಿಗೆ ಸಮಾನವಾದ ಮೂರು ಹಂತಗಳನ್ನೂ, 14 ವರ್ಷ ತುಂಬಿದವರಿಗೆ 10ನೆಯ ತರಗತಿಗೆ ಸಮಾನವಾದ ಪರೀಕ್ಷೆಯನ್ನೂ ನಡೆಸುತ್ತದೆ. ಆ ಪರೀಕ್ಷೆಯ ಭಾಷಾ ವಿಷಯಗಳ ಪಟ್ಟಿಯಲ್ಲಿ ಕನ್ನಡವೂ ಇದೆ ಎಂಬುದು ಹೊರನಾಡ ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಹೀಗೆ ಮನೆಯಲ್ಲಿ ಓದುವ ಹತ್ತು ಹನ್ನೆರಡು ವರ್ಷದ ಮಗುವಿಗೆ ಗಣಿತಕ್ಕೆ ಪುಸ್ತಕವುಂಟು, ವಿಜ್ಞಾನಕ್ಕೆ ಪುಸ್ತಕವುಂಟು, ಇಂಗ್ಲಿಷಿಗಂತೂ ಅಂಗಡಿಯ ಒಂದು ಗೋಡೆಯೇ ಉಂಟು. ಕನ್ನಡದ ಸರದಿ ಬಂದಾಗ ಮಾತ್ರ ಪಾಲಕರು, “ಮನೆಯಲ್ಲಿ ಮಾತಾಡುತ್ತದಲ್ಲ, ಅಷ್ಟು ಸಾಕು” ಎಂದುಬಿಡುತ್ತಾರೆ. ಇದರ ಫಲ ನಾಲ್ಕಾರು ವರ್ಷಗಳ ನಂತರ ಗೊತ್ತಾಗುತ್ತದೆ. ಮಗು ಅರಳು ಹುರಿದಂತೆ ಮಾತಾಡುತ್ತದೆ, ಆದರೆ ಊರಿನ ಅಜ್ಜಿಗೆ ನಾಲ್ಕು ಸಾಲು ಬರೆಯಲಾರದು. ಅಜ್ಜಿಗೆ ಇಂಗ್ಲಿಷ್ ಅಕ್ಷರ ಬಾರದು, ಮೊಮ್ಮಗುವಿಗೆ ಕನ್ನಡ ಅಕ್ಷರ ಬಾರದು. ಇಬ್ಬರ ನಡುವೆ ಮೊಬೈಲಿನ ಧ್ವನಿಮುದ್ರಿಕೆಯೊಂದೇ ಸೇತುವೆ. ಅಜ್ಜಿಯ ಕಿವಿ ಮಂದವಾದ ದಿನ ಆ ಸೇತುವೆಯೂ ಮುರಿಯುತ್ತದೆ.

ಮಗುವಿಗೆ ಮೊದಲೇ ಗೊತ್ತಿರುವುದು

ಕನ್ನಡ ವ್ಯಾಕರಣವೆಂದೊಡನೆ ಪಾಲಕರ ಮುಖ ಬಾಡುವುದಕ್ಕೆ ಕಾರಣ ಅವರ ಸ್ವಂತ ಶಾಲೆಯ ನೆನಪು. ಸ್ವರ 13, ಯೋಗವಾಹ 2, ವ್ಯಂಜನ 34 ಎಂದು ಆರಂಭವಾಗಿ, ಸಂಧಿ, ಸಮಾಸ, ತದ್ಧಿತ ಎಂದು ಮುಂದುವರಿದು, ವಾಕ್ಯದ ಬಳಿಗೆ ಬರುವಷ್ಟರಲ್ಲಿ ವರ್ಷ ಮುಗಿಯುತ್ತಿದ್ದ ಪಾಠಕ್ರಮವದು. ಈ ಕ್ರಮಕ್ಕೆ ದೀರ್ಘವಾದ ಇತಿಹಾಸವಿದೆ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವು ಸಂಧಿ ಪ್ರಕರಣದಿಂದಲೇ ಆರಂಭವಾಗುತ್ತದೆ, ನಾಮ, ಸಮಾಸ, ತದ್ಧಿತ, ಆಖ್ಯಾತ ಮುಂತಾದವು ಅನಂತರ ಬರುತ್ತವೆ. ಆದರೆ ಕೇಶಿರಾಜನು ಅದನ್ನು ಬರೆದುದು ಕನ್ನಡವನ್ನು ಬಲ್ಲವರಿಗಾಗಿ, ಕಾವ್ಯದ ಭಾಷೆಯ ಶುದ್ಧರೂಪವನ್ನು ಅರಿಯಬಯಸುವವರಿಗಾಗಿ. ಮಾಟುಂಗದ ಮೂರನೆಯ ಮಹಡಿಯಲ್ಲಿ ಕುಳಿತ ಹತ್ತು ವರ್ಷದ ಮಗುವಿಗಾಗಿ ಅಲ್ಲ. ಆ ಮಗುವಿಗೆ ವ್ಯಾಕರಣವನ್ನು ಅದರ ಮಾತಿನೊಳಗಿಂದಲೇ ಹೊರತೆಗೆದು ತೋರಿಸಬೇಕು. ವಾಕ್ಯ ಮೊದಲು, ಹೆಸರು ಆಮೇಲೆ.

ಏಕೆಂದರೆ ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗುವಿಗೆ ವ್ಯಾಕರಣದ ಬಹುಭಾಗ ಕಿವಿಯಿಂದಲೇ ಬಂದಿರುತ್ತದೆ. “ಅಜ್ಜಿಗೆ ಫೋನು ಮಾಡಿದೆ” ಎನ್ನಬೇಕಾದಲ್ಲಿ “ಅಜ್ಜಿಯಿಂದ ಫೋನು ಮಾಡಿದೆ” ಎಂದು ಅದು ಎಂದೂ ಅನ್ನುವುದಿಲ್ಲ. ಮನೆ ಎಂಬುದಕ್ಕೆ ‘ಅಲ್ಲಿ’ ಸೇರಿದಾಗ ನಡುವೆ ಯಕಾರವನ್ನೂ, ಮಗು ಎಂಬುದಕ್ಕೆ ‘ಅನ್ನು’ ಸೇರಿದಾಗ ವಕಾರವನ್ನೂ ತಾನಾಗಿಯೇ ತರುತ್ತದೆ. ಅದನ್ನು ಆಗಮಸಂಧಿಯೆಂದು ಕರೆಯುತ್ತಾರೆಂಬುದು ಅದಕ್ಕೆ ತಿಳಿಯದು, ಅಷ್ಟೆ. ಮಳೆಗಾಲವನ್ನು ಅದು ‘ಮಳೆಕಾಲ’ ಎನ್ನುವುದಿಲ್ಲ, ಆದೇಶಸಂಧಿಯ ಸೂತ್ರವನ್ನು ಕೇಳಿಲ್ಲದಿದ್ದರೂ. ಕೈಯಲ್ಲಿ ಹಣವಿದ್ದೂ ಎಣಿಸಿ ನೋಡದವನಂತೆ ಮಗುವಿನ ಸ್ಥಿತಿ. ಪಾಲಕರ ಕೆಲಸ ಎಣಿಸಿ ತೋರಿಸುವುದು.

ಮಹಾನಗರದಲ್ಲಿ ಒಂದು ವಿಶೇಷವನ್ನು ಇಲ್ಲಿ ಸೇರಿಸಿ ಹೇಳಬೇಕು. ಮುಂಬಯಿಯ ಎಷ್ಟೋ ಕನ್ನಡ ಕುಟುಂಬಗಳ ಮನೆಮಾತು ತುಳು ಇಲ್ಲವೆ ಕೊಂಕಣಿ. ಅಂಥ ಮಕ್ಕಳಿಗೆ ಕನ್ನಡವು ಕಿವಿಗೆ ಬೀಳುವುದು ಕಡಿಮೆ. ಆದ್ದರಿಂದ ಅವರಿಗೆ ಬರವಣಿಗೆಗೆ ಮುನ್ನ ಒಂದೆರಡು ವರ್ಷ ಕಥೆಗಳನ್ನು ಗಟ್ಟಿಯಾಗಿ ಓದಿ ಹೇಳುವುದು ಅವಶ್ಯಕ. ಕಿವಿ ತುಂಬದೆ ಕೈ ಬರೆಯಲಾರದು.

ಮೊದಲ ಅಭ್ಯಾಸಕ್ಕೆ ಕತ್ತರಿ ಮತ್ತು ಕಾಗದ ಸಾಕು. “ನಾಯಿ ಹುಡುಗನನ್ನು ಕಚ್ಚಿತು” ಎಂಬ ವಾಕ್ಯವನ್ನು ಮೂರು ಚೀಟಿಗಳಲ್ಲಿ ಬರೆದು ಮಗುವಿನ ಕೈಗೆ ಕೊಡಬೇಕು. “ಹುಡುಗನನ್ನು ನಾಯಿ ಕಚ್ಚಿತು” ಎಂದು ಜೋಡಿಸಿದರೂ ಕಚ್ಚಿದ್ದು ನಾಯಿಯೇ. ಇದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು ಎರಡು ಹೆಸರುಗಳ ಜಾಗ ಬದಲಿಸಿದರೆ ಹುಡುಗನೇ ನಾಯಿಯನ್ನು ಕಚ್ಚಿಬಿಡುತ್ತಾನೆ! ಮಗು ನಗುತ್ತದೆ, ನಗುವಾಗಲೇ ವಿಭಕ್ತಿ ಪ್ರತ್ಯಯದ ಕೆಲಸವೇನೆಂಬುದು ಅದರ ಮನಸ್ಸಿಗೆ ಇಳಿದಿರುತ್ತದೆ. ಇಂಗ್ಲಿಷಿನಲ್ಲಿ ಪದವು ನಿಂತ ಸ್ಥಳವು ಮಾಡುವ ಕೆಲಸವನ್ನು ಕನ್ನಡದಲ್ಲಿ ಪದದ ಬಾಲಕ್ಕೆ ಅಂಟಿದ ಪ್ರತ್ಯಯವು ಮಾಡುತ್ತದೆ. ಆಮೇಲೆ ‘ಅನ್ನು’ವನ್ನು ತೆಗೆದು ನೋಡಲಿ: “ನಾಯಿ ಹುಡುಗ ಕಚ್ಚಿತು” ಎಂದರೆ ವಾಕ್ಯ ಕುಂಟುತ್ತದೆ. ಆದರೆ “ಹುಡುಗ ಹಣ್ಣು ತಿಂದ” ಎಂಬಲ್ಲಿ ‘ಅನ್ನು’ ಇಲ್ಲದೆಯೂ ಏನೂ ಕೆಡಲಿಲ್ಲ. ಏಕೆ? ಹಣ್ಣು ಹುಡುಗನನ್ನು ತಿನ್ನಲಾರದು ಎಂಬ ಉತ್ತರವನ್ನು ಮಗುವೇ ಹೇಳುತ್ತದೆ.

ಚತುರ್ಥೀ ವಿಭಕ್ತಿಗೆ ರೈಲಿನ ವೇಳಾಪಟ್ಟಿಗಿಂತ ಒಳ್ಳೆಯ ಪಠ್ಯಪುಸ್ತಕವಿಲ್ಲ. ಮುಂಬಯಿಯಿಂದ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಿನ ನಿಲ್ದಾಣಗಳನ್ನು ಒಂದರ ಕೆಳಗೊಂದು ಬರೆದು, ‘ಎಲ್ಲಿಗೆ?’ ಎಂದು ಕೇಳುತ್ತ ಹೋಗಬೇಕು. ದಾದರಿಗೆ, ಪುಣೆಗೆ, ಸೊಲ್ಲಾಪುರಕ್ಕೆ, ಕಲಬುರಗಿಗೆ, ವಾಡಿಗೆ, ರಾಯಚೂರಿಗೆ, ಗುಂತಕಲ್ಲಿಗೆ, ಧರ್ಮಾವರಕ್ಕೆ, ಬೆಂಗಳೂರಿಗೆ. ಈಗ ‘ಗೆ’ ಬಂದವು ಯಾವುವು, ‘ಇಗೆ’ ಬಂದವು ಯಾವುವು, ‘ಕ್ಕೆ’ ಬಂದವು ಯಾವುವು ಎಂದು ಮೂರು ಗುಂಪು ಮಾಡಿಸಿದರೆ, ಇಕಾರ ಎಕಾರಗಳಿಂದ ಮುಗಿಯುವ ಹೆಸರಿಗೆ ‘ಗೆ’, ಉಕಾರಕ್ಕೂ ವ್ಯಂಜನಕ್ಕೂ ‘ಇಗೆ’, ಅಕಾರಕ್ಕೆ ‘ಕ್ಕೆ’ ಎಂಬುದು ತಾನಾಗಿಯೇ ಹೊರಬೀಳುತ್ತದೆ. ಚುರುಕು ಮಗುವಾದರೆ ಆಕ್ಷೇಪವನ್ನೂ ಎತ್ತೀತು: ಅಣ್ಣ ಎಂಬುದು ಅಕಾರದಿಂದಲೇ ಮುಗಿಯುತ್ತದಲ್ಲ, ‘ಅಣ್ಣಕ್ಕೆ’ ಏಕಿಲ್ಲ? ಮನುಷ್ಯರಿಗೆ ‘ನಿಗೆ’, ವಸ್ತುಗಳಿಗೆ ‘ಕ್ಕೆ’ ಎಂದು ಅಲ್ಲಿಯೇ ಇನ್ನೊಂದು ನಿಯಮ ಹುಟ್ಟುತ್ತದೆ. ‘ಸಿನಿಮಾಕ್ಕೆ’ ಎನ್ನಬೇಕೋ ‘ಸಿನಿಮಾಗೆ’ ಎನ್ನಬೇಕೋ ಎಂದು ಕೇಳಿದರೆ ಎರಡೂ ಬಳಕೆಯಲ್ಲಿವೆ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕ ಉತ್ತರ.

ಇಂಥದೇ ಇನ್ನೊಂದು ಸೊಗಸಾದ ಒಗಟು ಉಕಾರದ್ದು. ಹಾಲು ಎಂಬುದಕ್ಕೆ ‘ಇಗೆ’ ಸೇರಿದರೆ ಉಕಾರ ಬಿದ್ದುಹೋಗಿ ‘ಹಾಲಿಗೆ’ ಆಗುತ್ತದೆ. ಆ ಹಾಲನ್ನು ಕೊಡುವ ಹಸು ಮಾತ್ರ ‘ಹಸಿಗೆ’ ಆಗದೆ ‘ಹಸುವಿಗೆ’ ಆಗುತ್ತದೆ. ಊರು, ಕಲ್ಲು, ಬಾಗಿಲು ಮೊದಲನೆಯ ಗುಂಪಿಗೂ, ಮಗು, ಗುರು, ಪಶು ಎರಡನೆಯ ಗುಂಪಿಗೂ ಸೇರುತ್ತವೆ. ಎರಡನೆಯ ಗುಂಪಿನ ಪದಗಳೆಲ್ಲ ಎರಡೇ ಅಕ್ಷರದವು, ಎರಡೂ ಹ್ರಸ್ವ ಎಂಬುದನ್ನು ಮಗುವೇ ಕಂಡುಹಿಡಿಯಲಿ. ಲೋಪಸಂಧಿ ಮತ್ತು ಆಗಮಸಂಧಿಗಳೆಂಬ ಹೆಸರುಗಳನ್ನು ಅನಂತರ ಹೇಳಿದರೆ, ಅವು ಪರಿಚಿತ ಮುಖಕ್ಕೆ ಸಿಕ್ಕ ಹೆಸರಿನಂತೆ ನೆನಪಿನಲ್ಲಿ ನಿಲ್ಲುತ್ತವೆ.

ವಿಭಕ್ತಿಗಳು ಏಳೋ, ಐದೋ ಎಂಬ ವಿವಾದಕ್ಕೆ ಮನೆಯ ಗುರುಗಳು ಇಳಿಯಬೇಕಾಗಿಲ್ಲ. ಕನ್ನಡದ ವ್ಯಾಕರಣಗಳು ಸಂಸ್ಕೃತದ ಅಚ್ಚಿನಲ್ಲಿ ಎರಕಗೊಂಡಿವೆ ಎಂದು ವಾದಿಸಿ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನು 2000ದಲ್ಲಿ ಪ್ರಕಟಿಸಿದರು. ಅವರ ಎಲ್ಲ ಮಾತುಗಳನ್ನು ಒಪ್ಪದವರೂ, ಯಾರ ಬಾಯಿಯಲ್ಲೂ ಇಲ್ಲದ ‘ದೆಸೆಯಿಂದ’ ಎಂಬ ಪಂಚಮಿಯನ್ನು ಹತ್ತು ವರ್ಷದ ಮಗುವಿನಿಂದ ಕಂಠಪಾಠ ಮಾಡಿಸುವುದರಲ್ಲಿ ಅರ್ಥವಿಲ್ಲವೆಂಬುದನ್ನು ಒಪ್ಪಬಹುದು. ಪರೀಕ್ಷೆಗೆ ಕೂರುವ ವರ್ಷ ಆ ಪಟ್ಟಿಯನ್ನು ಒಂದು ಸಂಜೆಯಲ್ಲಿ ಕಲಿಯಬಹುದು.

ನೆರೆಭಾಷೆಗಳ ನೆರಳು

ಹೊರನಾಡಿನ ಮಗುವಿನ ತಪ್ಪುಗಳು ಬೆಂಗಳೂರಿನ ಮಗುವಿನ ತಪ್ಪುಗಳಲ್ಲ. ಅವು ಎಲ್ಲಿಂದ ಬಂದವೆಂದು ಪಾಲಕರು ಅರಿತರೆ ಸಿಟ್ಟು ಅರ್ಧ ಇಳಿಯುತ್ತದೆ.

ಮರಾಠಿ, ಹಿಂದಿಗಳನ್ನು ಬರೆಯುವ ದೇವನಾಗರಿಯ ರೂಢಿಯ ಅಕ್ಷರಮಾಲೆಯಲ್ಲಿ ಹ್ರಸ್ವ ಎಕಾರ, ಒಕಾರಗಳಿಲ್ಲ. ಅಲ್ಲಿ ಮೊದಲು ಅಕ್ಷರ ಕಲಿತ ಮಗುವಿಗೆ ಎ, ಏ ಎರಡೂ ಒಂದೇ. ಅದು ‘ಬೆಳೆ’ಯನ್ನು ಕುಕ್ಕರಿನಲ್ಲಿ ಬೇಯಿಸುತ್ತದೆ, ‘ಬೇಳೆ’ಯನ್ನು ಹೊಲದಲ್ಲಿ ಕೊಯ್ಯುತ್ತದೆ, ‘ಕೇರೆ’ಯಲ್ಲಿ ಈಜುತ್ತದೆ. ಕೇರೆಯೆಂದರೆ ಹಾವು ಎಂದು ಒಮ್ಮೆ ತಿಳಿದ ಮೇಲೆ ಆ ತಪ್ಪು ಮತ್ತೆ ಬರುವುದು ಅಪರೂಪ. ಕೊಡು–ಕೋಡು, ಮೊರೆ–ಮೋರೆ ಮುಂತಾದ ಜೋಡಿಗಳನ್ನು ಕೇಳಿಸಿ ಬರೆಸುವುದೇ ಇದಕ್ಕೆ ಔಷಧ. ದೆಹಲಿಯ ಮಗುವಿಗೆ ಇದರ ಜೊತೆಗೆ ಳಕಾರದ ತೊಂದರೆಯೂ ಇದೆ, ಏಕೆಂದರೆ ಶಾಲೆಯ ಹಿಂದಿಯಲ್ಲಿ ಆ ಅಕ್ಷರವಿಲ್ಲ. “ಅಮ್ಮ ಅನ್ನಕ್ಕೆ ಹುಲಿ ಬಡಿಸಿದಳು” ಎಂದು ಅದು ಬರೆದರೆ ಗದರಿಸುವ ಬದಲು ಆ ಹುಲಿಯ ಚಿತ್ರವನ್ನು ಬರೆಯಿಸುವುದು ಮೇಲು. ಮರಾಠಿ ಕಲಿತ ಮಗುವಿಗೆ ಳಕಾರ ಸುಲಭ. ಮಹಾಪ್ರಾಣದ ವಿಷಯದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ಮನೆಯ ಹಿರಿಯರೇ ಧನಕ್ಕೂ ದನಕ್ಕೂ ವ್ಯತ್ಯಾಸವಿಲ್ಲದೆ ಉಚ್ಚರಿಸುತ್ತಿರುವಾಗ ಹಿಂದಿ, ಮರಾಠಿ ಕಲಿತ ಮಗು ಅವನ್ನು ಸರಿಯಾಗಿ ಬರೆಯುತ್ತದೆ. ನೆರೆಭಾಷೆ ಬರೀ ಸಾಲಗಾರನಲ್ಲ, ಜಮೆಯನ್ನೂ ತರುತ್ತದೆ.

ಚೆನ್ನೈಯ ಮಗುವಿನ ಸಮಸ್ಯೆ ಬೇರೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರ. ಪ, ಬಗಳಿಗೂ ಹಾಗೆಯೇ. ಆದ್ದರಿಂದ ಬಾಯಲ್ಲಿ ಸರಿಯಾಗಿಯೇ ಹೇಳುವ ಪದವನ್ನು ಮಗು ಕಾಗದದ ಮೇಲೆ ತಪ್ಪು ಅಕ್ಷರದಿಂದ ಬರೆಯುತ್ತದೆ. ಹೈದರಾಬಾದಿನ ಮಗು ಕನ್ನಡವನ್ನು ಬೇಗ ಓದುತ್ತದೆ, ಲಿಪಿಗಳು ಅಕ್ಕತಂಗಿಯರಂತಿರುವುದರಿಂದ. ತೊಡಕು ಇರುವುದು ಲಿಂಗದಲ್ಲಿ. ತೆಲುಗಿನಲ್ಲಿ ಏಕವಚನದ ಸ್ತ್ರೀಯರಿಗೂ ವಸ್ತುಗಳಿಗೂ ಕ್ರಿಯಾಪದದ ರೂಪ ಒಂದೇ ಆದ್ದರಿಂದ ‘ಅಕ್ಕ ಬಂದಿತು’ ಎಂಬ ರೂಪ ನುಸುಳಬಹುದು. ಹಿಂದಿಯಲ್ಲಿ ಇದಕ್ಕೆ ವಿರುದ್ಧ: ನಪುಂಸಕವೇ ಇಲ್ಲ, ಗಾಡಿ ಸ್ತ್ರೀಲಿಂಗ. ಅದರಿಂದ ‘ಗಾಡಿ ಬಂದಳು’. ಕನ್ನಡದ ಲಿಂಗವ್ಯವಸ್ಥೆ ಇವೆರಡಕ್ಕಿಂತ ಸರಳವಾದುದು ಎಂಬುದನ್ನು ಮಗುವಿಗೆ ಹೆಮ್ಮೆಯಿಂದಲೇ ಹೇಳಬಹುದು. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕ. ದೇವತೆಗಳು ಮತ್ತು ಸೂರ್ಯಚಂದ್ರರಷ್ಟೇ ಮನುಷ್ಯರ ಸಾಲಿನಲ್ಲಿ ಕೂರುತ್ತಾರೆ. ಮಗು ಎಂಬ ಪದವೇ ನಪುಂಸಕಲಿಂಗವೆಂದು ತಿಳಿದಾಗ ಮಗುವಿಗಾಗುವ ಆಶ್ಚರ್ಯವೂ ಒಂದು ಪಾಠ.

ಇನ್ನು ಮನೆಯ ಮಾತಿಗೂ ಬರೆಯುವ ಮಾತಿಗೂ ಇರುವ ಅಂತರ. ಧಾರವಾಡದ ಮನೆಯಲ್ಲಿ ‘ಬರ್ರಿ’, ಮೈಸೂರಿನ ಮನೆಯಲ್ಲಿ ‘ಬನ್ನಿ’. ಒಂದು ಮನೆಯಲ್ಲಿ ‘ಹೋಗ್ತೀನಿ’, ಇನ್ನೊಂದರಲ್ಲಿ ‘ಹೋಗ್ತೇನೆ’, ಪುಸ್ತಕದಲ್ಲಿ ‘ಹೋಗುತ್ತೇನೆ’. ಮಗು ತನ್ನ ಮನೆಯ ರೂಪವನ್ನು ಬರೆದಾಗ “ಇದು ತಪ್ಪು” ಎಂದರೆ, ಅಜ್ಜಿಯೂ ಅಪ್ಪನೂ ತಪ್ಪು ಮಾತಾಡುವವರು ಎಂದು ಹೇಳಿದಂತಾಗುತ್ತದೆ. ಹಾಗೆ ಹೇಳುವುದು ಸುಳ್ಳು ಕೂಡ. ಮನೆಯೊಳಗಿನ ಉಡುಪು ಬೇರೆ, ಹೊರಗೆ ಹೋಗುವ ಉಡುಪು ಬೇರೆ ಎಂದರೆ ಮಗು ಒಪ್ಪುತ್ತದೆ. ಕಥೆಯಲ್ಲಿ ಯಾರಾದರೂ ಮಾತಾಡುವಾಗ ಉದ್ಧರಣ ಚಿಹ್ನೆಯೊಳಗೆ ಮನೆಯ ಮಾತನ್ನೇ ಬರೆಯಲಿ, ಹೊರಗೆ ಗ್ರಾಂಥಿಕ ರೂಪವನ್ನು ಬರೆಯಲಿ. ಈ ಒಂದು ಏರ್ಪಾಡಿನಿಂದ ಉದ್ಧರಣ ಚಿಹ್ನೆಯ ಉಪಯೋಗವೂ ಬೇರೆ ಪಾಠವಿಲ್ಲದೆ ಬಂದುಬಿಡುತ್ತದೆ.

ಬರೆಯುವುದು ಯಾರಿಗಾಗಿ?

‘ಹಸು’, ‘ದೀಪಾವಳಿ’, ‘ನನ್ನ ಪ್ರಿಯ ನಾಯಕ’ ಎಂಬ ಪ್ರಬಂಧಗಳನ್ನು ಯಾರೂ ಓದುವುದಿಲ್ಲ. ತಿದ್ದುವವರು ಮಾತ್ರ ನೋಡುತ್ತಾರೆ. ಇದು ಮಗುವಿಗೆ ಗೊತ್ತು. ಆದ್ದರಿಂದ ಅದು ಹತ್ತು ಸಾಲು ತುಂಬಿಸಿ ಕೈ ತೊಳೆದುಕೊಳ್ಳುತ್ತದೆ. ಮನೆಯಲ್ಲಿ ಓದುವ ಮಗುವಿಗೆ ಇರುವ ಅನುಕೂಲವೆಂದರೆ, ಅದರ ಬರಹಕ್ಕೆ ನಿಜವಾದ ಓದುಗರನ್ನು ಒದಗಿಸಬಹುದು. ದಿನಸಿಯ ಪಟ್ಟಿಯನ್ನು ಕನ್ನಡದಲ್ಲಿ ಬರೆದು ತಂದೆಯ ಕೈಗೆ ಕೊಡಲಿ. ‘ಮೆಣಸು’ ಎಂದು ಬರೆದು ಮೆಣಸಿನಕಾಯಿಯನ್ನು ಬಯಸಿದರೆ ಏನಾಗುತ್ತದೆಂದು ಸಂಜೆಗೆ ತಿಳಿಯುತ್ತದೆ. ಕೆಲಸದಿಂದ ತಡವಾಗಿ ಬರುವ ತಾಯಿಗೆ ಊಟದ ಮೇಜಿನ ಮೇಲೆ ಚೀಟಿ ಬರೆದಿಡಲಿ. ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಅಡುಗೆಯ ವಿಧಾನ.

ತಾಯಿ ಉಪ್ಪಿಟ್ಟು ಮಾಡುವುದನ್ನು ಮಗು ನಿಂತು ನೋಡಿ, ವಿಧಾನವನ್ನು ಬರೆಯಬೇಕು. ಮರುದಿನ ತಂದೆ ಆ ಬರಹವನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಇರುವಷ್ಟನ್ನೇ, ಇರುವ ಕ್ರಮದಲ್ಲಿಯೇ ಮಾಡಬೇಕು. ರವೆಯನ್ನು ಹುರಿಯುವ ಮಾತು ಬಿಟ್ಟುಹೋಗಿದ್ದರೆ ಹುರಿಯುವಂತಿಲ್ಲ. ಉಪ್ಪು ಬಿಟ್ಟುಹೋಗಿದ್ದರೆ ಹಾಕುವಂತಿಲ್ಲ. “ನೀರು ಕುದಿದ ಮೇಲೆ ರವೆ ಹಾಕಬೇಕು” ಎಂಬಲ್ಲಿ ‘ಕುದಿದ ಮೇಲೆ’ ಎನ್ನುವುದಕ್ಕೂ ‘ಕುದಿಯುವ ಮೊದಲು’ ಎನ್ನುವುದಕ್ಕೂ ‘ಕುದಿದರೆ’ ಎನ್ನುವುದಕ್ಕೂ ಏನು ಭೇದವೆಂದು ಬಾಣಲೆಯೇ ಹೇಳುತ್ತದೆ. ಒಂದು ಧಾತುವಿನಿಂದ ಹುಟ್ಟುವ ಈ ರೂಪಗಳೇ ಕನ್ನಡ ವಾಕ್ಯದ ಕೀಲುಗಳು. ಇವುಗಳ ಮೇಲೆ ಹಿಡಿತ ಬಂದ ಮಗು ಯಾವ ವಿಷಯವನ್ನಾದರೂ ಬರೆಯಬಲ್ಲುದು.

ಈ ಕೀಲುಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳ ಕನ್ನಡವು ಹೆಚ್ಚಾಗಿ ಕೆಡುವುದು ಇಲ್ಲಿಯೇ. “ನಾನು ಎದ್ದೆನು ಮತ್ತು ಸ್ನಾನ ಮಾಡಿದೆನು ಮತ್ತು ತಿಂಡಿ ತಿಂದೆನು ಮತ್ತು ಓದಲು ಕುಳಿತೆನು” ಎಂದು ಮಗು ಬರೆಯುತ್ತದೆ. ಪ್ರತಿಯೊಂದು ಪದವೂ ಶುದ್ಧ, ಆದರೆ ವಾಕ್ಯ ಕನ್ನಡವಲ್ಲ. ಅದೇ ಮಗು ಬಾಯಲ್ಲಿ ಹೇಳುವಾಗ “ಎದ್ದು ಸ್ನಾನ ಮಾಡಿ ತಿಂಡಿ ತಿಂದು ಓದೋಕೆ ಕೂತೆ” ಎಂದೇ ಹೇಳುತ್ತದೆ. ಆದ್ದರಿಂದ ತಿದ್ದುವ ಉಪಾಯ ಸುಲಭ: ‘ಮತ್ತು’ಗಳನ್ನು ಎಣಿಸಿ, ಒಂದೊಂದನ್ನೂ ತೆಗೆಯುತ್ತ, ಕ್ರಿಯಾಪದವನ್ನು ‘ಎದ್ದು, ಮಾಡಿ, ತಿಂದು’ ಎಂದು ಬದಲಾಯಿಸಿ ಬರೆಯುವ ಆಟ. ಕೊನೆಯ ಕ್ರಿಯಾಪದ ಒಂದೇ ಪೂರ್ಣರೂಪದಲ್ಲಿ ನಿಲ್ಲುತ್ತದೆ, ರೈಲಿನ ಕೊನೆಯ ಡಬ್ಬಿಯಲ್ಲಿ ಗಾರ್ಡು ನಿಂತಂತೆ. ಹಾಗೆಂದು ಎಲ್ಲವನ್ನೂ ಹೀಗೆ ಪೋಣಿಸಲಾಗದು. “ಅಮ್ಮ ಬಂದು ನಾನು ಊಟ ಮಾಡಿದೆ” ಎಂಬುದು ಕಿವಿಗೆ ಹಿತವಲ್ಲ. ಬಂದವರು ಬೇರೆ, ಉಂಡವರು ಬೇರೆ ಆದಾಗ “ಅಮ್ಮ ಬಂದ ಮೇಲೆ” ಎನ್ನಬೇಕು. “ಮಳೆ ಬಂದು ಕೆರೆ ತುಂಬಿತು” ಎಂಬುದು ಹೇಗೆ ಸರಿಯಾಯಿತೆಂದು ಮಗು ಕೇಳಿದರೆ, ಒಂದರಿಂದಲೇ ಇನ್ನೊಂದು ಆದಾಗ ಭಾಷೆ ಆ ಸಲಿಗೆಯನ್ನು ಕೊಡುತ್ತದೆ ಎಂದು ಹೇಳಬಹುದು.

ಇದೇ ಬಗೆಯ ಇನ್ನೊಂದು ರೋಗ: “ಯಾವ ಹುಡುಗನು ನಿನ್ನೆ ಬಂದಿದ್ದನೋ ಅವನು ಇಂದೂ ಬಂದನು.” ಇಂಗ್ಲಿಷ್, ಹಿಂದಿಗಳೆರಡೂ ಈ ಅಚ್ಚನ್ನು ಮಗುವಿನ ಕೈಗೆ ಕೊಡುತ್ತವೆ. “ನಿನ್ನೆ ಬಂದಿದ್ದ ಹುಡುಗ ಇಂದೂ ಬಂದ” ಎನ್ನುವುದರಲ್ಲಿ ಎಷ್ಟು ಪದಗಳು ಉಳಿದವೆಂದು ಎಣಿಸಿ ತೋರಿಸಿದರೆ ಸಾಕು. ಗಾದೆಯನ್ನೋ ಶಾಸ್ತ್ರವಾಕ್ಯವನ್ನೋ ಹೇಳುವಾಗ ಆ ಉದ್ದನೆಯ ರೂಪಕ್ಕೂ ಒಂದು ಗಾಂಭೀರ್ಯವಿದೆ. ನಿತ್ಯದ ಬರವಣಿಗೆಗೆ ಅದು ಬೇಡ.

ತಿದ್ದುವ ಕಲೆ ಕಲಿಸುವ ಕಲೆಗಿಂತ ಕಠಿಣವಾದುದು. ಮಗುವಿನ ಅರ್ಧ ಪುಟದಲ್ಲಿ ಇಪ್ಪತ್ತು ಕಡೆ ಕೆಂಪು ಶಾಯಿ ಬಿದ್ದರೆ ಮರುದಿನ ಅದು ನಾಲ್ಕೇ ಸಾಲು ಬರೆಯುತ್ತದೆ. ಸಾಲು ಕಡಿಮೆಯಾದಷ್ಟೂ ತಪ್ಪು ಕಡಿಮೆ ಎಂಬ ಲೆಕ್ಕ ಅದಕ್ಕೆ ಬೇಗ ತಿಳಿಯುತ್ತದೆ. ಒಂದು ವಾರ ದೀರ್ಘ–ಹ್ರಸ್ವಗಳನ್ನು ಮಾತ್ರ ನೋಡಬೇಕು, ಮರುವಾರ ಒತ್ತಕ್ಷರಗಳನ್ನು. ಉಳಿದ ತಪ್ಪುಗಳು ಕಣ್ಣಿಗೆ ಚುಚ್ಚಿದರೂ ಕೈ ತಡೆದುಕೊಳ್ಳಬೇಕು. ತಿದ್ದುವ ಮೊದಲು ಮಗುವೇ ತನ್ನ ಬರಹವನ್ನು ಗಟ್ಟಿಯಾಗಿ ಓದಲಿ. ಕಣ್ಣು ಬಿಟ್ಟ ತಪ್ಪನ್ನು ಕಿವಿ ಹಿಡಿಯುತ್ತದೆ. ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಒಳ್ಳೆಯದು: ದಿನದ ಲೆಕ್ಕವನ್ನು ದಿನವೇ ಮುಗಿಸುವ ಮನೆಯಲ್ಲಿ ವರ್ಷಾಂತ್ಯದ ಗಡಿಬಿಡಿಯಿಲ್ಲ. ಉಕ್ತಲೇಖನವನ್ನು ಈಗ ಹಳೆಯ ಪದ್ಧತಿಯೆಂದು ತೆಗೆದುಹಾಕಿದವರುಂಟು. ಒತ್ತಕ್ಷರ ಮತ್ತು ಅರ್ಕಾವೊತ್ತುಗಳಿಗೆ ಅದನ್ನು ಮೀರಿಸುವ ಸಾಧನವಿಲ್ಲ. ಮೊಬೈಲಿನಲ್ಲಿ ಹೇಳಿದ್ದನ್ನು ಅಕ್ಷರಕ್ಕಿಳಿಸುವ ಸೌಲಭ್ಯವು ಮಗುವಿಗೆ ಈ ಅಭ್ಯಾಸವನ್ನು ತಪ್ಪಿಸುವುದರಿಂದ, ಕೈಬರಹ ಕುದುರುವ ತನಕ ಅದನ್ನು ದೂರವಿಡುವುದು ಕ್ಷೇಮ.

ಆರೋಗ್ಯಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಕನ್ನಡದಲ್ಲಿ ಮಾತ್ರ ಅಕ್ಷರ ತಪ್ಪುವ ಮಗುವಿಗೆ ಬೇಕಾದುದು ಅಭ್ಯಾಸ. ಆದರೆ ಹತ್ತು ವರ್ಷವಾದರೂ ತಾನು ಕಲಿತ ಎಲ್ಲ ಭಾಷೆಗಳಲ್ಲೂ ಅಕ್ಷರಗಳನ್ನು ಹಿಂದುಮುಂದು ಮಾಡುವ, ಚಿಕ್ಕ ವಾಕ್ಯವನ್ನು ಓದಲೂ ಬಹಳ ಶ್ರಮಪಡುವ, ಬಾಯಲ್ಲಿ ಚೆನ್ನಾಗಿ ಹೇಳಿದ ಉತ್ತರವನ್ನು ಬರೆಯಲಾರದ ಮಗುವನ್ನು ಸೋಮಾರಿಯೆಂದು ಹೊಡೆಯುವುದು ಅನ್ಯಾಯ. ಮೊದಲು ಕಣ್ಣು, ಕಿವಿಗಳ ತಪಾಸಣೆಯಾಗಬೇಕು. ಅವು ಸರಿಯಿದ್ದರೆ ಮಕ್ಕಳ ವೈದ್ಯರ ಮೂಲಕ ಮನಶ್ಶಾಸ್ತ್ರಜ್ಞರನ್ನು ಕಾಣಬೇಕು. ಕಲಿಕೆಯ ನಿರ್ದಿಷ್ಟ ನ್ಯೂನತೆಗೂ ಬುದ್ಧಿಮಾಂದ್ಯಕ್ಕೂ ಸಂಬಂಧವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅದನ್ನು ತನ್ನ 21 ಬಗೆಗಳ ಪಟ್ಟಿಯಲ್ಲಿ ಸೇರಿಸಿದೆ. ಮನೆಯಲ್ಲಿ ಓದುವ ಮಗುವನ್ನು ಹೋಲಿಸಿ ನೋಡಲು ಪಕ್ಕದ ಬೆಂಚಿನಲ್ಲಿ ಯಾರೂ ಇಲ್ಲದಿರುವುದರಿಂದ ಪಾಲಕರ ಕಣ್ಣಿಗೆ ಇದು ತಡವಾಗಿ ಬೀಳುವ ಸಂಭವ ಹೆಚ್ಚು.

ಪುಸ್ತಕಗಳ ವಿಷಯ ಸುಲಭ. ಕರ್ನಾಟಕದ ಪಠ್ಯಪುಸ್ತಕಗಳನ್ನು ಸರ್ಕಾರದ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಬೆಲೆಯಿಲ್ಲದೆ ಪಡೆಯಬಹುದು. ಮಗುವಿನ ವಯಸ್ಸಿಗಿಂತ ಎರಡು ತರಗತಿ ಕೆಳಗಿನಿಂದ ಆರಂಭಿಸಿದರೆ ಅವಮಾನವೇನಿಲ್ಲ. ಪಾಲಕರ ಕಪಾಟಿನಲ್ಲಿ ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಇರಲಿ, ಮಗುವಿನ ಕೈಗೆ ಈಗಲೇ ಬೇಡ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳು ದೊಡ್ಡ ಮಕ್ಕಳಿಗೆ ಒಂದು ಗುರಿಯನ್ನು ಒದಗಿಸುತ್ತವೆ. ಸಂಘಗಳ ಭಾನುವಾರದ ತರಗತಿಗಳಿಂದ ಜೊತೆಗಾರರು ಸಿಗುತ್ತಾರೆ, ಆದರೆ ವಾರಕ್ಕೊಂದು ಗಂಟೆ ಬರವಣಿಗೆಗೆ ಸಾಲದು. ಮಹಾನಗರದಲ್ಲಿಯೇ ಹುಟ್ಟಿ ಬೆಳೆದ ತಂದೆತಾಯಿಗಳಿಗೇ ಕನ್ನಡ ಬರೆಯಲು ಬಾರದಿದ್ದರೆ, ಮಗುವಿನ ಪಕ್ಕದಲ್ಲಿ ಇನ್ನೊಂದು ಪಾಟಿಯನ್ನು ಇಟ್ಟುಕೊಳ್ಳುವುದಕ್ಕೆ ವಯಸ್ಸಿನ ಮಿತಿಯೇನೂ ಇಲ್ಲ.

ತಿಂಗಳಿಗೊಂದು ಕಾಗದ ಅಜ್ಜಿಗೆ ಹೋಗಲಿ, ಅಂಚೆಯಲ್ಲಿಯೇ ಹೋಗಲಿ. ಅದನ್ನು ತಿದ್ದಿ ಪ್ರತಿ ಮಾಡಿಸಿ ಕಳುಹಿಸಬೇಕೆಂಬ ಹಟ ಬೇಡ; ಅಜ್ಜಿ ಎರಡು ತಪ್ಪುಗಳನ್ನು ಕ್ಷಮಿಸಬಲ್ಲಳು. ‘ತೀರ್ಥರೂಪು ಸಮಾನ’ ಎಂಬ ಹಳೆಯ ಒಕ್ಕಣೆಯನ್ನು ಒಮ್ಮೆ ಕಲಿಸಿ, ಆಮೇಲೆ ‘ಪ್ರೀತಿಯ ಅಜ್ಜಿಗೆ’ ಎಂದು ಬರೆಯಲು ಬಿಡಬಹುದು. ಅಜ್ಜಿಯ ಉತ್ತರ ಬಂದಾಗ ಅದನ್ನು ಓದಿ ಹೇಳುವ ಕೆಲಸ ಮಗುವಿನದೇ ಆಗಲಿ. ಹಿಂದಿನವರ ಕಾಗದಗಳಲ್ಲಿ ಪೂರ್ಣವಿರಾಮವೇ ಇರುವುದಿಲ್ಲ. ಆರೋಗ್ಯದ ಸಮಾಚಾರದಿಂದ ಹಲಸಿನ ಹಪ್ಪಳದ ವರೆಗೆ ಒಂದೇ ಉಸಿರು. ಮಗು ಪೆನ್ಸಿಲು ಹಿಡಿದು, ವಾಕ್ಯ ಎಲ್ಲಿ ಮುಗಿಯಿತೆಂದು ಹುಡುಕಿ, ಚುಕ್ಕೆಗಳನ್ನು ಇಡುತ್ತ ಓದಲಿ.